ಪೆಟ್ಟಿಗೆಯ ತಳದ ಸಾಕ್ಷಿ

ಬೆಳಗಾವಿ ಸೀಮೆಯ ಹಳೆಯ ಮನೆತನಗಳಲ್ಲಿ ದೇವರ ಕೋಣೆಗೆ ಹೊಂದಿಕೊಂಡು ಒಂದು ಕಟ್ಟಿಗೆಯ ಪೆಟ್ಟಿಗೆ ಇರುವುದುಂಟು. ವರ್ಷಕ್ಕೊಮ್ಮೆ, ಖಂಡೇನವಮಿಯ ದಿನ, ಅದರ ಮುಚ್ಚಳ ತೆರೆಯುತ್ತದೆ. ಒಳಗಿನಿಂದ ತುಕ್ಕು ಹಿಡಿದ ಒಂದು ಕತ್ತಿ, ಹಿತ್ತಾಳೆಯ ನಳಿಕೆಯಲ್ಲಿ ಸುತ್ತಿಟ್ಟ ಒಂದು ಕಾಗದ, ಅಪರೂಪಕ್ಕೆ ಅಕ್ಷರ ಕೊರೆದ ಒಂದು ತಾಮ್ರದ ತಗಡು ಹೊರಗೆ ಬರುತ್ತವೆ. ಅರಿಸಿನ ಕುಂಕುಮ ಏರುತ್ತದೆ, ಆರತಿಯಾಗುತ್ತದೆ, ಸಂಜೆಯ ಹೊತ್ತಿಗೆ ಎಲ್ಲವೂ ಮತ್ತೆ ಪೆಟ್ಟಿಗೆಯ ತಳ ಸೇರುತ್ತವೆ. ಇದು ಹಿರಿಯರದು ಎಂಬುದು ಮನೆಯ ಎಲ್ಲರಿಗೂ ಗೊತ್ತು. ಯಾವ ಹಿರಿಯರದು, ಯಾರು ಕೊಟ್ಟದ್ದು, ಏತಕ್ಕಾಗಿ ಕೊಟ್ಟದ್ದು, ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ವಸ್ತು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಅದರ ಅರ್ಥ ಮಾತ್ರ ದಾರಿಯಲ್ಲೆಲ್ಲೊ ಹಿಂದುಳಿದಿದೆ.

ಇಂತಹ ವಸ್ತುವಿನ ಚಿತ್ರ ತೆಗೆದು ಅದರ ಚರಿತ್ರೆಯನ್ನು ಹುಡುಕುವುದು ಹೇಗೆ, ಹುಡುಕಿದರೆ ನಮಗೆ ಸಿಕ್ಕುವುದೇನು ಎಂಬುದೇ ಇಂದಿನ ಮಾತಿನ ವಿಷಯ. ಈ ವಿಚಾರವನ್ನು ಕುರಿತು ಮಾತನಾಡುವುದಕ್ಕೆ ಖಾನಾಪುರ ತಾಲ್ಲೂಕಿನ ಹಲಸಿಗಿಂತ ತಕ್ಕ ನೆಲೆ ನನಗೆ ಬೇರೆ ತೋರದು. ಮನೆತನವೊಂದಕ್ಕೆ ಬಂದ ಭೂಮಿಯ ಕಥೆಯನ್ನು ಆ ಮನೆತನದ ಮುಂದಿನ ತಲೆಮಾರಿನ ಕಾಲದಲ್ಲಿಯೇ ಮೊದಲಿನಿಂದ ಹಿಡಿದು ಬರೆದಿಟ್ಟ ನಿದರ್ಶನ ಅಲ್ಲಿ ದೊರೆತಿದೆ. ಅದು ಇಂದಿಗೆ ಸುಮಾರು ಹದಿನೈದು ಶತಮಾನಗಳಷ್ಟು ಹಿಂದಿನದು.

ಖಾನಾಪುರದಿಂದ ಹೊರಟು, 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವನ್ನು ಹಾದು ಹೋದರೆ ಹಲಸಿ ಸಿಗುತ್ತದೆ. ಇಂದು ಅದು ಸಣ್ಣ ಊರು. ಊರಿನ ನಡುವೆ, ಒಂದಕ್ಕೊಂದು ಎದುರಾದ ಎರಡು ಗರ್ಭಗುಡಿಗಳುಳ್ಳ ಭೂವರಾಹ ನರಸಿಂಹ ದೇವಾಲಯವಿದೆ. ಅದು ಗೋವೆಯ ಕದಂಬರ ಕಾಲದ್ದು, 12ನೆಯ ಶತಮಾನಕ್ಕೆ ಸೇರಿದ್ದು. ಆದರೆ ಊರಿನ ಹೆಸರು ಅದಕ್ಕಿಂತ ಏಳುನೂರು ವರ್ಷ ಹಳೆಯದು. ಬನವಾಸಿಯ ಕದಂಬರ ದಾನಶಾಸನಗಳಲ್ಲಿ ಇದನ್ನು ಪಲಾಶಿಕಾ ಎಂದು ಕರೆದಿದ್ದಾರೆ. ವೈಜಯಂತಿ ಎಂದರೆ ಬನವಾಸಿ ಅವರ ಹಿರಿಯ ರಾಜಧಾನಿಯಾದರೆ, ಉತ್ತರದ ಭಾಗಕ್ಕೆ ಪಲಾಶಿಕೆ ಎರಡನೆಯ ರಾಜಧಾನಿಯಂತೆ ಇತ್ತು.

ಈ ಹಲಸಿಯ ಹೊರಗೆ, ನಂದಗಡದ ದಾರಿಯಲ್ಲಿ, ಚಕ್ರತೀರ್ಥವೆಂಬ ಒಂದು ಸಣ್ಣ ಬಾವಿಯುಂಟು. ಅದರ ಬಳಿಯ ಮಣ್ಣಿನ ದಿಬ್ಬವೊಂದರಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತಾಮ್ರಪಟಗಳ ಹಲವು ಕಟ್ಟುಗಳು ಸಿಕ್ಕವು. ಮುಂಬಯಿ ಸರಕಾರದ ಸೇವೆಗೆ 1867ರಲ್ಲಿ ಬಂದು ಈ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅವರು ಅವನ್ನು ಓದಿ, ಪಾಠ ಮತ್ತು ಅನುವಾದಗಳೊಡನೆ, 1877ರಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ ಎಂಬ ಪತ್ರಿಕೆಯ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಅವನ ತಮ್ಮ ಭಾನುವರ್ಮ, ಹರಿವರ್ಮ ಇವರ ಹೆಸರುಗಳು ಹೊಸ ಕಾಲದ ಓದುಗರ ಕಣ್ಣಿಗೆ ಬಿದ್ದದ್ದು ಹೀಗೆ. ಅಂದಿನಿಂದ 1931ರಲ್ಲಿ ಪ್ರಕಟವಾದ ಜಾರ್ಜ್ ಮೊರಾಯಿಸರ ‘ಕದಂಬ ಕುಲ’ದವರೆಗೆ, 1985ರಲ್ಲಿ ಬಂದ ಬಿ. ಆರ್. ಗೋಪಾಲರ ಕದಂಬ ಶಾಸನ ಸಂಗ್ರಹದವರೆಗೆ, ಈ ಪಟಗಳನ್ನು ಬಿಟ್ಟು ಕದಂಬರ ಚರಿತ್ರೆಯನ್ನು ಬರೆದವರಿಲ್ಲ.

ಚರಿತ್ರಕಾರರು ಈ ಪಟಗಳಲ್ಲಿ ಅರಸರನ್ನು ಹುಡುಕಿದರು, ಅದು ಸಹಜವೇ. ಆದರೆ ಅರಸರ ಹೆಸರುಗಳನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ಓದಿದರೆ ಅವುಗಳಲ್ಲಿ ಕೆಲವು ಒಂದು ಮನೆತನದ ಕಾಗದಪತ್ರಗಳಂತೆ ಕಾಣತೊಡಗುತ್ತವೆ. ಮೊದಲನೆಯದು ಕಾಕುಸ್ಥವರ್ಮನು ಇನ್ನೂ ಯುವರಾಜನಾಗಿದ್ದಾಗ ಹೊರಡಿಸಿದ್ದು. ಖೇಟವೆಂಬ ಊರಿನಲ್ಲಿ, ಅರ್ಹಂತರಿಗೆ ಸಂಬಂಧಪಟ್ಟ ಬಡೋವರವೆಂಬ ಹೊಲವನ್ನು ಅವನು ಶ್ರುತಕೀರ್ತಿಯೆಂಬ ಸೇನಾಪತಿಗೆ ಕೊಡುತ್ತಾನೆ. ಪಟದಲ್ಲಿ ‘ಎಂಬತ್ತನೆಯ ವರ್ಷ’ ಎಂದಿದೆ. ಅದು ಯಾವ ಲೆಕ್ಕದ ಎಂಬತ್ತು ಎಂಬುದರ ಮೇಲೆ ವಿದ್ವಾಂಸರ ವಾದ ಇಂದಿಗೂ ಮುಗಿದಿಲ್ಲ. ಕಾಲವು ಐದನೆಯ ಶತಮಾನವೆಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಈ ದಾನ ಏತಕ್ಕಾಗಿ ಆಯಿತು ಎನ್ನುವ ಕಡೆ ಪಟದಲ್ಲಿ ಬರುವ ಪದ ‘ದಾಟಿಸುವುದು, ಪಾರುಮಾಡುವುದು’ ಎಂಬ ಅರ್ಥದ್ದು. ಫ್ಲೀಟರು ಅದನ್ನು ಸೇನಾಪತಿ ಯುವರಾಜನ ಪ್ರಾಣವುಳಿಸಿದ್ದಕ್ಕೆ ಕೊಟ್ಟ ಮೆಚ್ಚುಗೆ ಎಂದು ತಿಳಿದರು. ದಾನಿಯು ತಾನು ಭವಸಾಗರವನ್ನು ದಾಟುವುದಕ್ಕಾಗಿ ಮಾಡಿದ ಪುಣ್ಯಕಾರ್ಯ ಎಂದೂ ಅದನ್ನು ಓದಬಹುದು. ಒಂದೇ ಪದ, ಒಂದು ಕಡೆ ರಣರಂಗ, ಇನ್ನೊಂದು ಕಡೆ ಬಸದಿ. ಮನೆಯಲ್ಲಿ ಇಳಿದು ಬಂದ ವಸ್ತುಗಳ ವಿಷಯದಲ್ಲಿಯೂ ಈ ಎರಡು ಅರ್ಥಗಳ ತೂಗಾಟವನ್ನು ನಾವು ಮುಂದೆ ಕಾಣಲಿದ್ದೇವೆ.

ಶ್ರುತಕೀರ್ತಿ ತೀರಿಕೊಂಡ. ಮುಂದಿನ ಕಥೆ ರವಿವರ್ಮನ ಕಾಲದ, ಎಂದರೆ ಕಾಕುಸ್ಥನ ಮರಿಮಗನ ಕಾಲದ ಪಟದಲ್ಲಿದೆ. ಹಿಂದೆ ಶ್ರುತಕೀರ್ತಿಯು ಕಾಕುಸ್ಥನ ಕೃಪೆಯಿಂದ ಖೇಟವನ್ನು ಅನುಭವಿಸಿದ, ಅವನ ನಂತರ ಅದು ಮುಂದಿನ ಅರಸರ ಕಾಲದಲ್ಲಿ ಧರ್ಮಾರ್ಥವಾಗಿ ದಾಮಕೀರ್ತಿಯ ತಾಯಿಗೆ ಸಂದಿತು, ಆ ದಾಮಕೀರ್ತಿಯ ಹಿರಿಯ ಮಗ ಜಯಕೀರ್ತಿ, ಅವನು ಅರಸನ ಪ್ರತಿಹಾರಿ ಎಂದು ಆ ಪಟ ಎಳೆಎಳೆಯಾಗಿ ಹೇಳುತ್ತದೆ. ಮೊದಲ ಪಟ ಒಂದು ಹೊಲವನ್ನು ಹೇಳಿದರೆ ಈ ಪಟ ಊರನ್ನೇ ಹೇಳುತ್ತದೆ. ಎರಡು ಪತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವವರೆಗೆ ಇಂತಹ ಅಂತರ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಸಂಗತಿ. ಸೇನಾಪತಿಗೂ ಪ್ರತಿಹಾರಿಗೂ ನಡುವಣ ಕೊಂಡಿಯಾಗಿ ನಿಂತವಳು ಒಬ್ಬ ಹೆಂಗಸು. ಪಟ ಆಕೆಯನ್ನು ‘ದಾಮಕೀರ್ತಿಯ ತಾಯಿ’ ಎಂದಷ್ಟೇ ಗುರುತಿಸುತ್ತದೆ. ರವಿವರ್ಮನ ಕಾಲದ ಮತ್ತೊಂದು ಪಟದಲ್ಲಿ ದಾಮಕೀರ್ತಿಯ ತಮ್ಮ ಶ್ರೀಕೀರ್ತಿ ತನ್ನ ತಾಯಿಯ ಪುಣ್ಯಕ್ಕಾಗಿ ನಾಲ್ಕು ನಿವರ್ತನ ಭೂಮಿಯನ್ನು ಜಿನೇಂದ್ರನಿಗೆ ಬಿಟ್ಟಿದ್ದಾನೆ. ಮಕ್ಕಳ ನೆನಪಿನಲ್ಲಿ ಆಕೆ ಉಳಿದಳು.

ಹಾಗಾದರೆ ಜಯಕೀರ್ತಿಯ ಪಟದಲ್ಲಿ ಮನೆತನಕ್ಕೆ ದಕ್ಕಿದ್ದೇನು? ಪುರುಖೇಟಕವೆಂಬ ಊರನ್ನು ಅವನು ತನ್ನ ತಂದೆತಾಯಿಗಳ ಪುಣ್ಯಕ್ಕಾಗಿ ದಾನವಾಗಿ ಬಿಟ್ಟುಕೊಟ್ಟ. ಅದರ ಉತ್ಪನ್ನದಿಂದ ಪ್ರತಿವರ್ಷ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಜಿನೇಂದ್ರೋತ್ಸವ ನಡೆಯಬೇಕು; ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆಯಾಗಬೇಕು; ಕುಮಾರದತ್ತನೇ ಮೊದಲಾದ ವಿದ್ವಾಂಸರಿಗೆ ಆಶ್ರಯವಾಗಬೇಕು; ನಾಡಿನವರೂ ನಗರದವರೂ ಸೇರಿ ಪೂಜೆ ನಡೆಸಬೇಕು ಎಂದು ಅರಸನ ಕಟ್ಟಳೆಯಾಯಿತು. ಖಾನಾಪುರದ ಮಳೆಯನ್ನು ಕಂಡವರಿಗೆ ‘ಮಳೆಗಾಲದ ನಾಲ್ಕು ತಿಂಗಳು’ ಎಂಬ ಮಾತಿನ ತೂಕ ತಿಳಿಯುತ್ತದೆ. ಸಹ್ಯಾದ್ರಿಯ ಸೆರಗಿನಲ್ಲಿ, ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಊರೂರು ತಿರುಗುವ ಯತಿಗಳು ಒಂದೆಡೆ ನಿಲ್ಲಬೇಕು; ನಿಂತವರಿಗೆ ಅನ್ನ ಬೇಕು. ಆ ಅನ್ನದ ಏರ್ಪಾಡು ತಾಮ್ರದ ಮೇಲೆ ಕೊರೆದ ಬರಹವಾಯಿತು.

ಇಲ್ಲಿ ಗಮನಿಸಬೇಕಾದ ವಿಷಯಗಳು ಎರಡು. ಒಂದು: ಜಯಕೀರ್ತಿಯ ಕಾಲಕ್ಕೆ ಹಳೆಯ ಪಟ ಇದ್ದೇ ಇತ್ತು. ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರೆ ಸಾಕು ಎಂದು ಯಾರೂ ಸುಮ್ಮನಿರಲಿಲ್ಲ. ಹಿಂದಿನದನ್ನು ಮೊದಲಿನಿಂದ ಹೇಳಿ, ಇಂದಿನದನ್ನು ಸೇರಿಸಿ, ಮತ್ತೊಮ್ಮೆ ಬರೆದಿಟ್ಟರು. ಎರಡು: ಹಾಗೆ ಬರೆದಿಟ್ಟದ್ದು ತಮ್ಮ ಹಿರಿಮೆಯನ್ನಷ್ಟೇ ಅಲ್ಲ, ತಮ್ಮ ಹೊಣೆಯನ್ನು. ಆನುವಂಶಿಕವಾಗಿ ಬಂದ ವಸ್ತುವಿನೊಳಗೆ ಹೆಮ್ಮೆಯೊಂದಿಗೆ ಒಂದು ಋಣವೂ ಅಡಗಿರುತ್ತದೆ. ಅದಕ್ಕಾಗಿಯೇ ಇಂತಹ ಶಾಸನಗಳ ಕೊನೆಗೆ, ಕೊಟ್ಟದ್ದನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ನರಕದಲ್ಲಿ ಬೇಯುತ್ತಾನೆಂಬ ಶಾಪವಾಕ್ಯ ಬರುತ್ತದೆ. ಆ ಶಾಪ ಪರರನ್ನು ಮಾತ್ರ ಉದ್ದೇಶಿಸಿದ್ದಲ್ಲ. ತಾನೇ ಕೊಟ್ಟದ್ದನ್ನು ತಾನೇ ಕಸಿದರೂ ಅದೇ ಗತಿ.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಪಟಗಳು ಮಣ್ಣು ಸೇರಿದವು. ಕದಂಬರು ಹೋಗಿ ಬಾದಾಮಿಯ ಚಾಲುಕ್ಯರು ಬಂದರು. ಅವರ ನಂತರ ಎಷ್ಟೋ ಅರಸುಮನೆಗಳು ಬಂದು ಹೋದವು. ಬಸದಿಯ ಉತ್ಸವ ನಿಂತಿತು, ಖೇಟವೆಂಬ ಹೆಸರು ಜನರ ಬಾಯಿಂದ ಜಾರಿತು. ತಾಮ್ರ ಕೊಳೆಯದೆ ಉಳಿದದ್ದು ನಿಜ. ಆದರೆ ಚಕ್ರತೀರ್ಥದ ದಿಬ್ಬದೊಳಗೆ ಸಾವಿರಕ್ಕೂ ಹೆಚ್ಚು ವರ್ಷ ಅದು ಯಾರೊಡನೆಯೂ ಮಾತನಾಡಲಿಲ್ಲ. ಅದರ ಮಾತು ಮತ್ತೆ ಕೇಳಿಬಂದದ್ದು ಪ್ರತಿ ಎತ್ತಿ ಅಚ್ಚು ಹಾಕಿದಾಗ. ಇಂದು ನಾನು ಈ ಶ್ರುತಕೀರ್ತಿ, ಜಯಕೀರ್ತಿಗಳ ಕಥೆಯನ್ನು ಹೇಳುತ್ತಿರುವುದು ಮೂಲ ಪಟವನ್ನು ಮುಂದಿಟ್ಟುಕೊಂಡಲ್ಲ. ಅಚ್ಚಾದ ಪ್ರತಿಯ ಬಲದಿಂದ.

ಪ್ರತಿ ಎತ್ತುವ ಈ ಕೆಲಸಕ್ಕೂ ನಮ್ಮ ಸೀಮೆಗೂ ಹಳೆಯ ನಂಟುಂಟು. ಹಲಸಿಗೆ ದೂರವಲ್ಲದ ಕಿತ್ತೂರಿನಲ್ಲಿ 1824ರಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಮುಂದೆ ಅವನೇ ಈ ಭಾಗದ ಊರೂರುಗಳಿಂದ ಐನೂರಕ್ಕೂ ಹೆಚ್ಚು ಶಾಸನಗಳನ್ನು ಕೈಬರಹದಲ್ಲಿ ನಕಲು ಮಾಡಿಸಿದ. ಕೈಬರಹದ ನಕಲಿನಲ್ಲಿ ನಕಲುಗಾರನ ಊಹೆಯೂ ಬೆರೆಯುತ್ತದೆ. 1850ರ ದಶಕದಲ್ಲಿ ಕರ್ನಲ್ ಬಿಗ್ಸ್ ಮತ್ತು ಡಾಕ್ಟರ್ ಪಿಗೂ ಎಂಬವರು ಕ್ಯಾಮೆರಾ ಹೊತ್ತು ಧಾರವಾಡ, ಮೈಸೂರು ಪ್ರಾಂತಗಳ ಗುಡಿಗಳನ್ನೂ ಶಾಸನಗಳನ್ನೂ ಚಿತ್ರ ತೆಗೆದರು. ಶಾಸನಗಳ ಆ ಚಿತ್ರಗಳು 1866ರಲ್ಲಿ ಪುಸ್ತಕವಾಗಿ ಬಂದವು. ಕನ್ನಡ ನಾಡಿನ ಶಾಸನಶಾಸ್ತ್ರ ಮತ್ತು ಛಾಯಾಗ್ರಹಣ ಬಹುಮಟ್ಟಿಗೆ ಜೊತೆಜೊತೆಯಾಗಿ ಬೆಳೆದವೆಂದರೆ ತಪ್ಪಾಗದು. ಶಾಸನತಜ್ಞರು ಇಂದಿಗೂ ಬಳಸುವ ಇನ್ನೊಂದು ಉಪಾಯವೆಂದರೆ ಮಸಿಯಚ್ಚು. ತಗಡಿನ ಮೇಲೆ ಕಾಗದ ಒತ್ತಿ, ಆ ಕಾಗದದ ಮೇಲೆ ತೆಳುವಾಗಿ ಮಸಿ ಸವರಿದರೆ ಕೊರೆದ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಅದು ಕೈ ಪಳಗಿದವರ ಕೆಲಸ. ಮನೆಯಲ್ಲಿ ಮಾಡಿ ನೋಡತಕ್ಕದ್ದಲ್ಲ. ಚಿತ್ರ ತೆಗೆಯುವುದು ಹಾಗಲ್ಲ. ಅದು ನಮ್ಮ ನಿಮ್ಮ ಕೈಗೆಟುಕುವ ವಿದ್ಯೆ.

ನಮ್ಮ ಮನೆಯಲ್ಲಿದ್ದದ್ದು ತಾಮ್ರಪಟವಲ್ಲ, ಹಿತ್ತಾಳೆಯ ನಳಿಕೆಯೊಳಗಿನ ಒಂದು ಕಾಗದ. ಕಿತ್ತೂರಿನ ಕಾಳಗದಲ್ಲಿ ನಮ್ಮ ಹಿರಿಯನೊಬ್ಬ ತೋರಿದ ಶೌರ್ಯಕ್ಕೆ ಮೆಚ್ಚಿ ಕೊಟ್ಟ ಇನಾಮಿನ ಸನದು ಅದು ಎಂದು ಮನೆಯ ಮಾತು. ನಮ್ಮದು ಕನ್ನಡ ಮಾತನಾಡುವ ಮನೆ. ಕಾಗದ ಮಾತ್ರ ಮರಾಠಿಯದು, ಮೋಡಿ ಲಿಪಿಯದು. ಈ ಸೀಮೆಯಲ್ಲಿ ಇದು ವಿಚಿತ್ರವೇನಲ್ಲ. ದಫ್ತರದ ಭಾಷೆ ಬಹುಕಾಲ ಅದೇ ಆಗಿತ್ತು. ತಂದೆಯವರ ಕಾಲದವರೆಗೂ ಆ ಕಾಗದವನ್ನು ಬಿಚ್ಚುವುದೆಂದರೆ ಒಂದು ಭಯ. ಆ ಭಯಕ್ಕೂ ಚರಿತ್ರೆಯುಂಟು. ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯುತ್ತಿದ್ದ ಈ ಜಿಲ್ಲೆಗಳಲ್ಲಿ 1843ರಿಂದ ಇನಾಮುಗಳ ವಿಚಾರಣೆ ಆರಂಭವಾಯಿತು; 1852ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ಪುರಾವೆ ತೋರಿಸದವರ ಇನಾಮುಗಳು ಸರಕಾರಕ್ಕೆ ಸೇರಿದವು. ಕಾಗದವಿದ್ದರೆ ಭೂಮಿ, ಇಲ್ಲದಿದ್ದರೆ ಇಲ್ಲ ಎಂಬ ಆ ದಿನಗಳ ಅಂಜಿಕೆಯೇ ಕಾಗದಗಳನ್ನು ಪೆಟ್ಟಿಗೆಯ ತಳಕ್ಕೆ ಇನ್ನಷ್ಟು ಆಳವಾಗಿ ತಳ್ಳಿತು.

ನಾನು ಮಾಡಿದ ಕೆಲಸ ಸರಳವಾದದ್ದು. ಮಳೆಗಾಲ ಕಳೆದು ಗಾಳಿಯಲ್ಲಿನ ತೇವ ಇಳಿಯುವವರೆಗೆ ಕಾದೆ. ಸುರುಳಿಯನ್ನು ಒಂದೇ ಸಲ ಬಿಡಿಸದೆ, ಸ್ವಲ್ಪ ಸ್ವಲ್ಪವಾಗಿ, ಎರಡು ದಿನಗಳಲ್ಲಿ ಬಿಡಿಸಿದೆ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಕಾಗದವನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಮೇಲಿನಿಂದ ಚಿತ್ರ ತೆಗೆದೆ. ಮೊದಲು ಇಡಿಯ ಕಾಗದ, ಆಮೇಲೆ ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ ತುಂಡು ತುಂಡಾಗಿ. ಬೆನ್ನಿನ ಭಾಗವನ್ನೂ ಬಿಡಲಿಲ್ಲ. ಮೋಡಿಯ ಕಾಗದಗಳಲ್ಲಿ ಹಾಳೆಗೆ ಹಾಳೆ ಅಂಟಿಸಿದ ಸಂದಿನ ಹಿಂದೆ ಸಣ್ಣ ಬರಹವೋ ಮುದ್ರೆಯೋ ಇರುವುದುಂಟು. ಅದು ಸಂದು ಬದಲಾಗಿಲ್ಲವೆಂಬುದಕ್ಕೆ ಸಾಕ್ಷಿ. ದೊಡ್ಡ ಕ್ಯಾಮೆರಾ ಬೇಕೆಂಬ ನಿಯಮವಿಲ್ಲ. ಈಗಿನ ಮೊಬೈಲು ಫೋನುಗಳೇ ಸಾಕು. ಕೈ ನಡುಗದಿರಬೇಕು, ಫ್ಲ್ಯಾಶ್ ಬೆಳಕು ಹಾಕಬಾರದು, ಅಷ್ಟೆ.

ತಾಮ್ರದ ತಗಡಾದರೆ ರೀತಿ ಬೇರೆ. ಅಲ್ಲಿ ಅಕ್ಷರ ಬಣ್ಣದಲ್ಲಿಲ್ಲ, ತಗ್ಗಿನಲ್ಲಿದೆ. ಮೇಲಿನಿಂದ ಬೆಳಕು ಬಿದ್ದರೆ ತಗಡು ಥಳಥಳಿಸಿ ಅಕ್ಷರ ಮಾಯವಾಗುತ್ತದೆ. ಕೋಣೆಯನ್ನು ಕತ್ತಲು ಮಾಡಿ, ಒಂದೇ ದೀಪವನ್ನು ತಗಡಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬೆಳಕು ಹಾಯಿಸಬೇಕು. ಆಗ ಕೊರೆದ ಗೆರೆಯ ಒಂದು ದಡ ಹೊಳೆಯುತ್ತದೆ, ಇನ್ನೊಂದು ದಡ ನೆರಳಾಗುತ್ತದೆ. ಅಕ್ಷರ ಎದ್ದು ನಿಲ್ಲುತ್ತದೆ. ಬೆಳಕಿಗೆ ಸಮನಾಗಿ ಮಲಗಿದ ಗೆರೆಗಳು ಒಂದು ಚಿತ್ರದಲ್ಲಿ ಕಾಣವು. ಆದ್ದರಿಂದ ನಾಲ್ಕು ದಿಕ್ಕಿನಿಂದಲೂ ಬೆಳಕು ಬಿಟ್ಟು ನಾಲ್ಕು ಚಿತ್ರ ತೆಗೆಯಬೇಕು. ಕಟ್ಟಿನ ಬಳೆ ಮತ್ತು ಅದರ ಮುದ್ರೆಯನ್ನು ಬೇರೆಯಾಗಿ ಚಿತ್ರಿಸಬೇಕು. ಬಳೆಯನ್ನು ಕತ್ತರಿಸುವುದಾಗಲಿ, ಹುಣಿಸೆಹಣ್ಣಿನಿಂದ ತಿಕ್ಕುವುದಾಗಲಿ, ಅಕ್ಷರಗಳೊಳಗೆ ಸುಣ್ಣ ತುಂಬುವುದಾಗಲಿ ಸಲ್ಲದು. ಖಂಡೇನವಮಿಗೆ ತಿಕ್ಕಿ ತಿಕ್ಕಿ ಬೆಳಗಿದ ತಗಡುಗಳಲ್ಲಿ ಅಕ್ಷರದ ಅಂಚು ಸವೆದು, ದೀರ್ಘವೋ ಹ್ರಸ್ವವೋ ತಿಳಿಯದಂತಾಗಿರುವುದನ್ನು ನಾನು ಕಂಡಿದ್ದೇನೆ. ಭಕ್ತಿಯಿಂದಲೂ ಸಾಕ್ಷ್ಯ ನಾಶವಾಗುತ್ತದೆ.

ಚಿತ್ರಗಳನ್ನು ಮೋಡಿ ಬಲ್ಲ ಹಿರಿಯರೊಬ್ಬರ ಮುಂದಿಟ್ಟೆ. ಅವರು ಮೊದಲು ಓದಿದ್ದು ಒಕ್ಕಣೆಯನ್ನಲ್ಲ, ವರ್ಷವನ್ನು. ‘ಖಮಸ ಸಮಾನೀನ ಮಯಾ ವ ಅಲಫ’ ಎಂದಿತ್ತು. ಅರಬ್ಬೀ ಪದಗಳಲ್ಲಿ ಐದು, ಎಂಬತ್ತು, ನೂರು, ಸಾವಿರ, ಕೂಡಿದರೆ 1185. ಇದು ಶುಹೂರ್ ಸನ್. ಮೃಗಶಿರೆಗೆ ಸೂರ್ಯ ಬರುವ ಜೂನ್ ಮೊದಲ ವಾರಕ್ಕೆ ಅದರ ವರ್ಷಾರಂಭ. ಅದಕ್ಕೆ 599 ಅಥವಾ 600 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಎಂದರೆ 1784–85. ಕಿತ್ತೂರಿನ ಕಾಳಗ ನಡೆದದ್ದು 1824ರಲ್ಲಿ. ನಮ್ಮ ಶೌರ್ಯದ ಕಥೆ ನಲವತ್ತು ವರ್ಷದ ಅಂತರದಲ್ಲಿ ಕುಸಿದುಬಿತ್ತು.

ಹಾಗಾದರೆ ಭೂಮಿ ಕೊಟ್ಟದ್ದೇಕೆ? ಊರ ದೇವರ ಗುಡಿಯಲ್ಲಿ ಸಂಜೆಯ ದೀಪಕ್ಕೆ ಎಣ್ಣೆ ಒದಗಿಸುವುದಕ್ಕೆ, ಮತ್ತು ಬೇಸಗೆಯ ತಿಂಗಳುಗಳಲ್ಲಿ ಘಟ್ಟದ ದಾರಿ ನಡೆಯುವವರಿಗೆ ಅರವಟಿಗೆಯಲ್ಲಿ ನೀರು ಇಡುವುದಕ್ಕೆ. ಕಾಗದದಲ್ಲಿ ಕತ್ತಿಯ ಸುದ್ದಿಯೇ ಇಲ್ಲ. ಮನೆಯಲ್ಲಿ ಇದು ಎಲ್ಲರಿಗೂ ರುಚಿಸಲಿಲ್ಲ. ವೀರನ ಮನೆಯವರು ಎನಿಸಿಕೊಂಡವರಿಗೆ ನೀರಿಡುವವರ ಮನೆಯವರು ಎನಿಸಿಕೊಳ್ಳುವುದು ಸುಲಭವಲ್ಲ. ‘ಸುಮ್ಮನೆ ಇದ್ದದ್ದನ್ನು ಓದಿಸಿ ಏನು ಸಾಧಿಸಿದಿರಿ’ ಎಂದು ಕೇಳಿದವರೂ ಉಂಟು. ನನಗೆ ಮಾತ್ರ ಆಗ ನೆನಪಾದದ್ದು ಶ್ರುತಕೀರ್ತಿಯ ಪಟದ ಆ ಎರಡರ್ಥದ ಪದ. ಪ್ರಾಣವುಳಿಸಿದ ಸೇನಾಪತಿಯೋ, ಪುಣ್ಯಕ್ಕಾಗಿ ಕೊಟ್ಟ ದಾನವೋ? ನಾವು ಮೊದಲ ಅರ್ಥವನ್ನೇ ಬಯಸುತ್ತೇವೆ. ಕಥೆಯಾಗಿ ಅದು ಚೆಂದ. ಆದರೆ ಘಟ್ಟವೇರಿ ಬಂದ ದಾರಿಗನಿಗೆ ಬೇಕಾದದ್ದು ನಮ್ಮ ಮನೆಯ ಕಥೆಯಲ್ಲ, ಒಂದು ತಂಬಿಗೆ ನೀರು. ಎಷ್ಟೋ ಬೇಸಗೆಗಳಲ್ಲಿ ಯಾರೋ ಒಬ್ಬರು ಅದನ್ನು ಇಟ್ಟರು. ಅವರ ಹೆಸರು ನಮ್ಮ ವಂಶಾವಳಿಯಲ್ಲಿ ಎದ್ದು ಕಾಣುವುದಿಲ್ಲ. ಪ್ರಾಯಶಃ ಮನೆಯ ಹೆಂಗಸರೇ ಇರಬೇಕು, ದಾಮಕೀರ್ತಿಯ ತಾಯಿಯಂತೆ.

ಆ ಭೂಮಿ ಈಗ ನಮ್ಮದಲ್ಲ. 1952ರಿಂದೀಚೆಗೆ ಬಂದ ಇನಾಮು ರದ್ದಿಯಾತಿಯ ಕಾನೂನುಗಳೂ 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯೂ ಇಂತಹ ಸನದುಗಳ ಬಲವನ್ನು ಮುಗಿಸಿದವು. ಉಳುವವರಿಗೆ ಹೊಲ ಹೋಯಿತು, ಅದು ನ್ಯಾಯವೇ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಭೂಮಿಯ ಜೊತೆಗೆ ಅರವಟಿಗೆಯ ಹೊಣೆಯೂ ಹೋಯಿತೆ? ಕಾನೂನು ಹೋಯಿತೆನ್ನುತ್ತದೆ. ಇನ್ನೂರು ವರ್ಷ ಆ ಹೊಲದ ಅನ್ನ ಉಂಡ ಮನೆ ಹಾಗೆನ್ನಬಹುದೆ ಎಂಬುದನ್ನು ನಾನು ಕಾನೂನಿಗೆ ಬಿಡಲಾರೆ. ನಮ್ಮಲ್ಲಿ ಈಗ ಬೇಸಗೆಗೆ ದಾರಿಯ ಬದಿಯಲ್ಲಿ ಎರಡು ಮಣ್ಣಿನ ಹರವಿಗಳಿರುತ್ತವೆ. ಅದಕ್ಕಿಂತ ಹೆಚ್ಚಿನದನ್ನು ಹೇಳಿಕೊಳ್ಳಬೇಕಾದದ್ದಿಲ್ಲ.

ಹಕ್ಕಿನ ಪತ್ರವಾಗಿ ಈ ಕಾಗದಗಳ ಆಯುಸ್ಸು ಮುಗಿದಿದೆ ಎಂಬುದೇ ಇಂದು ಅವನ್ನು ಬಿಚ್ಚಿ ಓದುವುದಕ್ಕೆ ಒಳ್ಳೆಯ ಕಾರಣ. ಮುಚ್ಚಿಡುವುದರಿಂದ ಗಳಿಸುವಂತಹುದು ಏನೂ ಉಳಿದಿಲ್ಲ. ಸರಕಾರ ಕಸಿದುಕೊಂಡೀತೆಂಬ ಭಯವೂ ಬಹುಮಟ್ಟಿಗೆ ಅಸ್ಥಾನದ್ದು. 1972ರ ಪುರಾತನ ವಸ್ತುಗಳ ಕಾಯಿದೆ ಮನೆಯವರು ತಮ್ಮ ಹಿರಿಯರ ವಸ್ತುವನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿಲ್ಲ. ಪರವಾನಗಿಯಿಲ್ಲದೆ ವ್ಯಾಪಾರ ಮಾಡುವುದನ್ನೂ ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನೂ ನಿಷೇಧಿಸಿದೆ. ಕೆಲವು ಬಗೆಯ ವಸ್ತುಗಳನ್ನು ನೋಂದಾಯಿಸಬೇಕೆಂದಿದೆ. ಚಕ್ರತೀರ್ಥದ ದಿಬ್ಬದಂತೆ ನೆಲದಲ್ಲಿ ಸಿಕ್ಕ ವಸ್ತುವಿನ ಮಾತು ಬೇರೆ. ಅದನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬುದು 1878ರಷ್ಟು ಹಿಂದಿನ ಕಾನೂನು. ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಮನೆ ಪಾಲಾಗುವಾಗ ತಾಮ್ರಪಟದ ಮೂರು ಹಾಳೆಗಳು ಮೂವರು ಅಣ್ಣತಮ್ಮಂದಿರಲ್ಲಿ ಹಂಚಿಹೋಗುತ್ತವೆ. ಹಳೆಯ ಪಾತ್ರೆಗಳೊಡನೆ ತೂಕಕ್ಕೆ ಹೋಗುತ್ತವೆ. ಗೆದ್ದಲು ಕಾಗದವನ್ನು ತಿನ್ನುತ್ತದೆ. ಓದಬಲ್ಲ ಹಿರಿಯರು ತೀರಿಕೊಳ್ಳುತ್ತಾರೆ. ಮೋಡಿಯನ್ನು ಸರಾಗವಾಗಿ ಓದುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಆದ್ದರಿಂದ ಮನೆಯಲ್ಲಿ ಇಂತಹ ವಸ್ತುವಿರುವವರು ಮೊದಲು ಅದರ ಚಿತ್ರ ತೆಗೆಯಿರಿ. ಚಿತ್ರದ ಜೊತೆಗೆ ನಾಲ್ಕು ಸಾಲು ಬರೆಯಿರಿ: ವಸ್ತು ಯಾರ ಮನೆಯದು, ಯಾರಿಂದ ಯಾರಿಗೆ ಬಂದದ್ದು, ಅದರ ಬಗ್ಗೆ ಮನೆಯಲ್ಲಿ ಹೇಳುವ ಕಥೆ ಯಾವುದು, ಚಿತ್ರ ತೆಗೆದ ದಿನ ಯಾವುದು. ಕಥೆ ಸುಳ್ಳೆಂದು ತೋರಿದರೂ ಬರೆಯಿರಿ. ಕಥೆ ಹುಟ್ಟಿದ್ದಕ್ಕೂ ಒಂದು ಕಾರಣವಿರುತ್ತದೆ. ನಮ್ಮ ಮನೆಯ ಸನದು ಕಿತ್ತೂರಿನ ಕಾಳಗಕ್ಕೆ ಸಂಬಂಧಿಸಿದ್ದಲ್ಲ, ನಿಜ. ಆದರೆ ಆ ಕಾಳಗ ಈ ಸೀಮೆಯ ಮನೆಮನೆಯ ನೆನಪನ್ನು ಹೇಗೆ ತುಂಬಿತ್ತು ಎಂಬುದಕ್ಕೆ ನಮ್ಮ ಸುಳ್ಳುಕಥೆಯೂ ಸಾಕ್ಷಿಯೇ. ಆಮೇಲೆ ಪ್ರತಿಗಳನ್ನು ಬಲ್ಲವರಿಗೆ ತೋರಿಸಿ. ತಾಮ್ರಪಟವಾದರೆ ಮೈಸೂರಿನಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗವಿದೆ. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಮೋಡಿಯ ಕಾಗದಕ್ಕೆ ಜೊತೆಯ ಕಾಗದ ಪುಣೆಯ ಪೇಶ್ವೆ ದಫ್ತರದಲ್ಲಿ ಸಿಕ್ಕರೂ ಸಿಕ್ಕೀತು. ಮೂಲವನ್ನು ಕೈಬಿಡಬೇಕಾಗಿಲ್ಲ. ಪ್ರತಿ ಹೊರಗೆ ಹೋಗಲಿ. ಒಂದಲ್ಲ, ಮೂರು ಕಡೆ ಇರಲಿ.

ಹಲಸಿಯ ಪಟಗಳನ್ನು ಅಚ್ಚಿನಲ್ಲಿ ಓದುವಾಗಲೆಲ್ಲ ನನಗೆ ಅನ್ನಿಸುವುದು ಇದು. ಜಯಕೀರ್ತಿಯ ಕಾಲದಲ್ಲಿ ಹೊಸ ಪಟ ಬರೆಸದಿದ್ದರೆ ನಮಗೆ ಸೇನಾಪತಿಯೊಬ್ಬನ ಹೆಸರು ಮಾತ್ರ ಸಿಗುತ್ತಿತ್ತು. ಅವನ ನಂತರ ಆ ಭೂಮಿ ಪಡೆದ ತಾಯಿ, ಅವಳ ಮಗ, ಮೊಮ್ಮಗ, ಮಳೆಗಾಲದಲ್ಲಿ ಅನ್ನ ಪಡೆದ ಯತಿಗಳು ಯಾರೂ ಸಿಗುತ್ತಿರಲಿಲ್ಲ. ಹಿರಿಯರ ವಸ್ತುವನ್ನು ಕಾಪಾಡುವುದೆಂದರೆ ಬೀಗ ಹಾಕುವುದಷ್ಟೇ ಅಲ್ಲ. ನಮ್ಮ ತಲೆಮಾರಿನ ಕೈಯಿಂದ ಅದನ್ನು ಮತ್ತೊಮ್ಮೆ ಬರೆಯಿಸುವುದು ಎಂದು ಆ ಮನೆಯವರು ತಿಳಿದಿದ್ದರು. ಅವರಿಗೆ ತಾಮ್ರವಿತ್ತು, ಉಳಿಯಿತ್ತು. ನಮಗೆ ಬೆಳಕಿನ ಪ್ರತಿಯಿದೆ, ಅಚ್ಚಿದೆ. ಖರ್ಚು ಕಡಿಮೆ, ಹೊಣೆ ಮಾತ್ರ ಅಷ್ಟೇ.